ಎಸ್‌ಡಿಎಂಸಿಗೆ ನಿಂತಿರುವವರಿಗೆ ಒಬ್ಬ ನಿವೃತ್ತ ಮೇಷ್ಟ್ರ ಪತ್ರ

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ನಿಂತಿರುವ ತಾಯಂದಿರೇ, ತಂದೆಯರೇ,

ಈ ಸಲ ಇರುವ ಸ್ಥಾನಗಳಿಗಿಂತ ನಿಂತವರೇ ಜಾಸ್ತಿ ಎಂದು ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಗೊತ್ತಾಯಿತು. ಸಂತೋಷವಾಯಿತು. ನಿಮ್ಮಲ್ಲಿ ಅರ್ಧದಷ್ಟು ಜನಕ್ಕೆ ನಾನೇ ಅಕ್ಷರ ತಿದ್ದಿಸಿದ್ದೇನೆ. ಇಬ್ಬರು ಮೂವರ ಕಿವಿ ಹಿಂಡಿದ್ದೂ ನೆನಪಿದೆ. ಆಗ ಅದು ತಪ್ಪು ಅನ್ನಿಸಿರಲಿಲ್ಲ, ಈಗ ಅನ್ನಿಸುತ್ತದೆ. ನಾನು ಯಾರ ಪರವಾಗಿಯೂ ಮತ ಕೇಳಲು ಬರೆಯುತ್ತಿಲ್ಲ. ನನ್ನ ಮಕ್ಕಳು ಓದು ಮುಗಿಸಿ ಬಹಳ ವರ್ಷವಾಯಿತು, ನನಗೆ ಮತವೂ ಇಲ್ಲ. ಬೇರೆ ಊರುಗಳಲ್ಲಿ ಇದೇ ಸಮಿತಿಗೆ ನಿಂತವರು ಇದನ್ನು ಓದಿದರೆ ಅವರಿಗೂ ಇದು ಸೇರಲಿ.

ನಾನು ಸೇವೆಯಲ್ಲಿದ್ದಾಗ ಈ ಆಯ್ಕೆ ಅರ್ಧ ಗಂಟೆಯ ಕೆಲಸವಾಗಿತ್ತು. ಹೊಂಗೆ ಮರದ ಕೆಳಗೆ ಜಮಖಾನ ಹಾಸುತ್ತಿದ್ದೆವು. ಊರಿನ ಇಬ್ಬರು ಹಿರೀಕರು ಬಂದು ಕೂತು, "ಇವ್ನ್ ಹೆಸ್ರು ಬರ್ಕಳಿ ಮೇಷ್ಟ್ರೇ, ಅವ್ನ್ ಹೆಸ್ರು ಬರ್ಕಳಿ" ಅನ್ನುತ್ತಿದ್ದರು. ನಾನು ನಡಾವಳಿ ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ "ಸರ್ವಾನುಮತದಿಂದ ಆಯ್ಕೆಯಾದರು" ಎಂದು ಬರೆಯುತ್ತಿದ್ದೆ. ಮಹಿಳೆಯರ ಸ್ಥಾನ ಬಂದಾಗ ಗಂಡಂದಿರು ಮನೆಯಲ್ಲಿ ರಾಗಿ ಬೀಸುತ್ತಿದ್ದ ಹೆಂಡತಿಯ ಹೆಸರು ಹೇಳುತ್ತಿದ್ದರು. ಸಹಿಗೆ ಪುಸ್ತಕವೇ ಮನೆಗೆ ನಡೆದುಹೋಗುತ್ತಿತ್ತು. ಪರಿಶಿಷ್ಟರ ಸ್ಥಾನಕ್ಕೆ ಕಾಲೋನಿಯಿಂದ ಒಬ್ಬರನ್ನು ಕರೆಸುತ್ತಿದ್ದೆವು. ಅವರು ಜಮಖಾನದ ಅಂಚಿನಲ್ಲಿ ಕೂತು ಸಹಿ ಹಾಕಿ ಎದ್ದುಹೋಗುತ್ತಿದ್ದರು. ಆಮೇಲೆ ಮಂಡಕ್ಕಿ, ಟೀ. ಇಲಾಖೆಯ ಕಡತದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಅದನ್ನೆಲ್ಲ ಬರೆದ ಪೆನ್ನು ನನ್ನದೇ ಆದ್ದರಿಂದ ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ.

ಆ ಅರ್ಧ ಗಂಟೆಯಲ್ಲಿ ನಾವು ಯಾರೂ, ನಿಂತವರನ್ನು, "ಶಾಲೆ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಎಂದು ಕೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದರೂ ಕಾಂಪೌಂಡು, ಗೇಟು, ಸುಣ್ಣಬಣ್ಣ, ಒಂದು ಸರಸ್ವತಿ ವಿಗ್ರಹ, ಇವೇ ಬರುತ್ತಿದ್ದವು. ಈಚೆಗೆ ಇಂಗ್ಲಿಷ್ ಮೀಡಿಯಂ ಸೇರಿಕೊಂಡಿದೆ. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದ ಮೇಲೆ, ನಮ್ಮ ಶಾಲೆಗೂ ತರುತ್ತೇನೆ ಅನ್ನದ ಅಭ್ಯರ್ಥಿಯೇ ಇಲ್ಲ. ಆ ಜಗಳಕ್ಕೆ ಇವತ್ತು ನಾನು ಇಳಿಯುವುದಿಲ್ಲ. ಯಾವ ಮೀಡಿಯಂ ಆದರೂ ಒಳಗೆ ಬಂದ ಮಕ್ಕಳಿಗೆ ತಾನೆ? ನನ್ನ ಮಾತು ಹೊರಗೆ ಉಳಿದವರ ಬಗ್ಗೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಫೋನಿನಲ್ಲಿ ಹೇಳುತ್ತಿರುತ್ತಾಳೆ: ಅಲ್ಲಿ ಶಾಲಾ ಮಂಡಳಿಗೂ ಚುನಾವಣೆ ನಡೆಯುತ್ತದಂತೆ, ಮನೆ ಮುಂದಿನ ಹುಲ್ಲಿನಲ್ಲಿ ಅಭ್ಯರ್ಥಿಗಳ ಹೆಸರಿನ ಫಲಕ ನೆಡುತ್ತಾರಂತೆ. ಊರಿನ ಪತ್ರಿಕೆಯವರು, ಪೋಷಕರ ಸಂಘದವರು ನಿಂತವರಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ ಕಳಿಸಿ ಬರಹದಲ್ಲಿ ಉತ್ತರ ತರಿಸಿಕೊಂಡು ಅಚ್ಚು ಹಾಕುತ್ತಾರಂತೆ. ಅಂಗವಿಕಲ ಮಕ್ಕಳಿಗೆ ಏನು ಮಾಡುತ್ತೀರಿ, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳೂ ಅದರಲ್ಲಿ ಇರುತ್ತವಂತೆ. ಅಂಗವಿಕಲ ಮಕ್ಕಳನ್ನು ಶಾಲೆಯಿಂದ ಹೊರಗಿಡಬಾರದು ಎಂಬ ಕಾಯಿದೆ ಆ ದೇಶಕ್ಕೆ 1975ರಲ್ಲೇ ಬಂತು. ಆ ಮಂಡಳಿಗಳಿಗಿರುವ ಅಧಿಕಾರ ನಿಮಗಿಲ್ಲ ಎಂಬುದೂ ನಿಜ. ಅವರು ಕೋಟಿಗಟ್ಟಲೆ ಬಜೆಟ್ಟಿಗೆ ಒಪ್ಪಿಗೆ ಕೊಡುತ್ತಾರೆ, ಇಡೀ ಜಿಲ್ಲೆಯ ಶಾಲೆಗಳ ಮುಖ್ಯಾಧಿಕಾರಿಯನ್ನೇ ನೇಮಿಸುತ್ತಾರೆ. ನೀವು ಒಬ್ಬ ಅತಿಥಿ ಶಿಕ್ಷಕರಿಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ನಾಲ್ಕು ಸಲ ಅಲೆಯಬೇಕು. ಆದರೂ ನಿಂತವರು ತಮ್ಮ ಅಭಿಪ್ರಾಯವನ್ನು ಎಲ್ಲರ ಎದುರು ಹೇಳುವುದಕ್ಕೆ ಬಜೆಟ್ ಬೇಕಾಗಿಲ್ಲವಲ್ಲ.

ನಿಮ್ಮ ಅಧಿಕಾರ ಸಣ್ಣದೇನೂ ಅಲ್ಲ, ಅದನ್ನು ಯಾರೂ ಓದಿ ಹೇಳಿಲ್ಲ ಅಷ್ಟೆ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ನಮ್ಮ ರಾಜ್ಯದಲ್ಲಿ ಈ ಸಮಿತಿಗಳು ಹುಟ್ಟಿದವು. ಅದಕ್ಕೂ ಮುಂಚೆ ಗ್ರಾಮ ಶಿಕ್ಷಣ ಸಮಿತಿ ಎಂದು ಒಂದಿತ್ತು. ಅದರಲ್ಲಿ ಊರಿನ ದೊಡ್ಡವರು ಇರುತ್ತಿದ್ದರು, ಅವರ ಮಕ್ಕಳು ಪಟ್ಟಣದ ಕಾನ್ವೆಂಟಿನಲ್ಲಿ ಇರುತ್ತಿದ್ದರು. ಯಾರ ಮಕ್ಕಳು ಈ ಶಾಲೆಯಲ್ಲಿ ಓದುತ್ತಾರೋ ಅವರೇ ಶಾಲೆಯ ಉಸ್ತುವಾರಿ ಮಾಡಲಿ ಎಂಬುದು ಹೊಸ ಸಮಿತಿಯ ತಿರುಳು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಮು ಇದನ್ನೇ ಇಡೀ ದೇಶಕ್ಕೆ ಕಾನೂನಾಗಿ ಮಾಡಿತು. ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧ ಹೆಂಗಸರಿರಬೇಕು, ಅವಕಾಶ ಸಿಗದ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಇರಬೇಕು. 2012ರ ತಿದ್ದುಪಡಿಯಲ್ಲಿ ಅಂಗವಿಕಲ ಮಕ್ಕಳನ್ನೂ ಆ ವರ್ಗಕ್ಕೆ ಸೇರಿಸಿದರು. ಅಂದರೆ ಅಂಥ ಮಕ್ಕಳ ತಂದೆ ತಾಯಿಯನ್ನೂ ಸಮಿತಿಯ ಲೆಕ್ಕಕ್ಕೆ ಹಿಡಿಯಬೇಕು. ನನ್ನ ಕಾಲದಲ್ಲಿ ಒಂದು ಸಲವೂ ಹಿಡಿಯಲಿಲ್ಲ. ಆ ಕಾಯಿದೆಗೆ ಕೇಂದ್ರ ಹೊರಡಿಸಿದ ಮಾದರಿ ನಿಯಮಗಳಲ್ಲಿ ಸಮಿತಿಯ ಕೆಲಸಗಳ ಪಟ್ಟಿ ಇದೆ. ಅಂಗವಿಕಲ ಮಕ್ಕಳನ್ನು ಗುರುತಿಸಿ, ಶಾಲೆಗೆ ಸೇರಿಸಿ, ಅವರಿಗೆ ಬೇಕಾದ ಸೌಲಭ್ಯ ಇದೆಯೇ ನೋಡಿ, ಅವರು ಓದು ಮುಗಿಸುವ ತನಕ ನಿಗಾ ಇಡುವುದು ಅದರಲ್ಲಿ ಒಂದು. ಕಾಂಪೌಂಡಿಗೆ ಬಣ್ಣ ಬಳಿಸುವ ಮಾತು ಅಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಈಗ ನನ್ನ ತಪ್ಪಿನ ಕಥೆ ಹೇಳುತ್ತೇನೆ. ಅದನ್ನು ಹೇಳದೆ ನಿಮಗೆ ಬುದ್ಧಿ ಹೇಳಲು ಹೊರಟರೆ ನನ್ನ ಹೆಂಡತಿಯೇ ನಗುತ್ತಾಳೆ.

2010ರ ಜೂನ್ ತಿಂಗಳು. ದಾಖಲಾತಿ ನಡೆಯುತ್ತಿತ್ತು. ಆಗ ನಾನಿದ್ದ ಶಾಲೆಗೆ ಒಂದೂವರೆ ಕಿಲೋಮೀಟರ್ ದೂರದ ತೋಟದ ಸಾಲಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಸೊಂಟದ ಮೇಲೆ ಏಳು ವರ್ಷದ ಹುಡುಗಿ. ಹುಟ್ಟುವಾಗ ಏನೋ ಹೆಚ್ಚುಕಮ್ಮಿಯಾಗಿ ಕಾಲುಗಳು ಸೆಟೆದುಕೊಂಡಿದ್ದವು, ಮಾತು ತಡೆದು ತಡೆದು ಬರುತ್ತಿತ್ತು. ತಾಯಿ ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ಇವ್ಳ್ ಹೆಸ್ರೂ ಬರ್ಕಳಿ" ಅಂದಳು. ನಾನು ಒರಟಾಗಿ ಏನೂ ಅನ್ನಲಿಲ್ಲ. ಕೂರಿಸಿದೆ, ನೀರು ಕೊಟ್ಟೆ. ಆಮೇಲೆ, "ಇಲ್ಲಿ ಇವಳನ್ನ ನೋಡ್ಕೊಳ್ಳೋರು ಯಾರಮ್ಮ? ಬಿದ್ದುಗಿದ್ದರೆ ಕಷ್ಟ. ಇಂಥ ಮಕ್ಕಳಿಗೆ ಅಂತಲೇ ಜಿಲ್ಲಾ ಕೇಂದ್ರದಲ್ಲಿ ಶಾಲೆ ಇದೆ, ಅಲ್ಲಿಗೆ ಸೇರಿಸು" ಎಂದೆ. ಜಿಲ್ಲಾ ಕೇಂದ್ರ ಅಲ್ಲಿಂದ ಎಪ್ಪತ್ತು ಕಿಲೋಮೀಟರ್. ಆಕೆ ದಿನಗೂಲಿಯವಳು. ಹುಡುಗಿ ಮಾತ್ರ ನನ್ನ ಮೇಜಿನ ಮೇಲಿದ್ದ ಗಂಟೆಯನ್ನೇ ನೋಡುತ್ತಿದ್ದಳು, ಆ ಹಿತ್ತಾಳೆ ಗಂಟೆ. ಕೊಟ್ಟಿದ್ದರೆ ಹೊಡೆಯುತ್ತಿದ್ದಳೋ ಏನೋ. ಕೊಡಲಿಲ್ಲ. ತಾಯಿ ಸೊಂಟಕ್ಕೆ ಎತ್ತಿಕೊಂಡು ಹೊರಟುಹೋದಳು. ಕಾಯಿದೆ ಜಾರಿಯಾಗಿ ಎರಡು ತಿಂಗಳು ಕಳೆದಿತ್ತು. ಅದರ ಸುತ್ತೋಲೆ ಅದೇ ಮೇಜಿನ ಮೇಲೆ, ಅದೇ ಗಂಟೆಯ ಅಡಿಯಲ್ಲಿ ಇತ್ತು.

ಎರಡು ವರ್ಷ ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಹಾಜರಿಯಲ್ಲಿ ಇಲ್ಲದ ಮಗು ಗೈರುಹಾಜರೂ ಆಗುವುದಿಲ್ಲ ನೋಡಿ. ನಮ್ಮ ದಾಖಲೆಗಳ ಪ್ರಕಾರ ಶಾಲೆ ಚೆನ್ನಾಗಿಯೇ ನಡೆಯುತ್ತಿತ್ತು.

2012ರಲ್ಲಿ ಅಲ್ಲಿನ ಎಸ್‌ಡಿಎಂಸಿಗೆ ಹೊಸಬರು ಬಂದರು. ಅವರಲ್ಲಿ ಒಬ್ಬಾಕೆ ಕೊಬ್ಬರಿ ಸುಲಿಯುವ ಕೂಲಿಗೆ ಹೋಗುತ್ತಿದ್ದವಳು. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು. ಮೊದಲ ಸಭೆಯಲ್ಲಿ ನಾವೆಲ್ಲ ಕಾಂಪೌಂಡಿನ ಅಂದಾಜು ಪಟ್ಟಿ ಹರಡಿಕೊಂಡು ಕೂತಿದ್ದಾಗ ಆಕೆ, "ಕಾಂಪೌಂಡ್ ಆಮ್ಯಾಕೆ ಕಟ್ಟನ. ನಮ್ ಸಾಲ್ನಾಗೆ ಒಂದ್ ಮಗ ಐತೆ, ಅದ್ನ ಕರ್ಕಂಬರನ" ಅಂದಳು. ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಯಾವ ಮಗು ಎಂದು ನನಗೆ ತಕ್ಷಣ ಗೊತ್ತಾಯಿತು.

ಹೀಗೆ ಒಂಬತ್ತನೇ ವಯಸ್ಸಿನಲ್ಲಿ ಅವಳು ಮೂರನೇ ತರಗತಿಗೆ ಬಂದಳು. ವಯಸ್ಸಿಗೆ ಹೊಂದುವ ತರಗತಿಗೇ ಸೇರಿಸಬೇಕು ಎಂದು ಕಾಯಿದೆಯಲ್ಲಿದೆ. ಮೂರನೆಯದು ಆಗ ನಲಿ-ಕಲಿ ತರಗತಿ. ನಿಮ್ಮಲ್ಲಿ ಕೆಲವರು ನಲಿ-ಕಲಿಯನ್ನು ಆಡಿಕೊಳ್ಳುವುದು ನನಗೆ ಗೊತ್ತು, "ಬರೀ ಆಟ, ಪುಸ್ತಕವೇ ಇಲ್ಲ" ಅಂತ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ರಿಷಿವ್ಯಾಲಿಗೆ ಹೋಗಿ ನೋಡಿ ಬಂದು ಶುರು ಮಾಡಿದ ಪದ್ಧತಿ ಅದು. ಒಬ್ಬರೇ ಶಿಕ್ಷಕರು, ಎರಡು ಮೂರು ತರಗತಿಯ ಮಕ್ಕಳು, ಒಬ್ಬೊಬ್ಬರು ಒಂದೊಂದು ವೇಗ. ಅದಕ್ಕೆ ಕಂಡುಕೊಂಡ ಉಪಾಯ. ಎಲ್ಲರೂ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರು ಜೊತೆಗಿರುತ್ತಾರೆ, ಇನ್ನೊಂದಕ್ಕೆ ಗೆಳೆಯರು ಹೇಳಿಕೊಡುತ್ತಾರೆ, ಮತ್ತೊಂದು ತಾನೇ ಕಲಿಯುತ್ತದೆ. ಮೂರು ದಿನ ಜ್ವರ ಬಂದು ಮಲಗಿದ ಮಗು ನಾಲ್ಕನೇ ದಿನ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಗೋಡೆಯ ಬುಡದಲ್ಲಿ ಸುತ್ತಲೂ ಕಪ್ಪು ಪಟ್ಟಿ ಬಳಿದಿರುತ್ತಾರೆ, ಮಕ್ಕಳು ಕೂತಲ್ಲೇ ಬರೆಯಲಿ ಎಂದು. ಅದನ್ನು ಮಾಡಿದವರು ಅಂಗವಿಕಲ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ ಇಲ್ಲವೋ, ನಿಲ್ಲಲಾರದ ಆ ಹುಡುಗಿ ಮೊದಲ ವಾರವೇ ತೆವಳಿಕೊಂಡು ಗೋಡೆ ಹತ್ತಿರ ಹೋಗಿ ಸೀಮೆಸುಣ್ಣದಲ್ಲಿ ಗೀಚಿದಳು. ಎಲ್ಲರೂ ನೆಲದ ಮೇಲೇ ಇದ್ದುದರಿಂದ ನೆಲದ ಮೇಲೆ ಇದ್ದವಳು ಅವಳೊಬ್ಬಳೇ ಆಗಿರಲಿಲ್ಲ.

ಮುಂದಿನ ವರ್ಷ ನಾಲ್ಕನೇ ತರಗತಿಗೆ ಡೆಸ್ಕು ಬಂದವು. ಬೆಂಗಳೂರಿನಲ್ಲಿ ನೆಲೆಸಿದ ಊರಿನ ದಾನಿಯೊಬ್ಬರು ಕೊಡಿಸಿದ್ದು. ಹಾರ ಹಾಕಿದೆವು, ಫೋಟೊ ತೆಗೆಸಿದೆವು, ಊಟಕ್ಕೆ ಪಾಯಸ ಮಾಡಿಸಿದೆವು. ಆ ಡೆಸ್ಕಿಗೆ ಬೆಂಚನ್ನು ಕಬ್ಬಿಣದ ಪಟ್ಟಿಯಿಂದ ಬೆಸೆದಿದ್ದರು. ಕಾಲು ಮಡಚಲಾಗದವಳು ಒಳಗೆ ತೂರುವಂತೆಯೇ ಇರಲಿಲ್ಲ. ಇಡೀ ತರಗತಿ ಮೇಲಕ್ಕೇರಿತು, ಅವಳು ಗೋಣಿಚೀಲದ ಮೇಲೆ ಕೆಳಗೇ ಉಳಿದಳು. ಮೂರು ವಾರ ಯಾರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ. ಕೊನೆಗೆ ಊರಿನ ಬಡಗಿಯೊಬ್ಬರು, ಅವರೂ ಒಬ್ಬ ಪೋಷಕರು, ಒಂದು ಡೆಸ್ಕಿನ ಬೆಂಚು ಬಿಡಿಸಿ, ಕಾಲು ಕುಯ್ದು ತಗ್ಗಿಸಿ ಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ದಾನಿಗೆ ವಿಷಯ ತಿಳಿದಾಗ ಸ್ವಲ್ಪ ಬೇಸರ ಮಾಡಿಕೊಂಡರು.

ರ‍್ಯಾಂಪಿನ ಕಥೆ ಇದಕ್ಕಿಂತ ಸೊಗಸು. ಒಂದು ಅಡಿ ಎತ್ತರ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಲೆಕ್ಕ. ನಮ್ಮ ಕೊಠಡಿಯ ಜಗಲಿ ಒಂದೂವರೆ ಅಡಿ, ಹದಿನೆಂಟು ಅಡಿ ಬೇಕಿತ್ತು. ಕಂಟ್ರಾಕ್ಟರು ಆರು ಅಡಿಗೆ ಮುಗಿಸಿದ, ಮುಂದೆ ಧ್ವಜದ ಕಟ್ಟೆ ಅಡ್ಡ ಬಂತು ಎಂದು. ಬಿಲ್ಲು ಪಾಸಾಯಿತು, "ರ‍್ಯಾಂಪ್ ಇದೆ" ಎಂದು ನಾನೂ ಫಾರಂನಲ್ಲಿ ತುಂಬಿದೆ. ಮಕ್ಕಳಿಗೆ ಒಳ್ಳೆಯ ಜಾರುಬಂಡೆ ಸಿಕ್ಕಿತು. ಗಾಲಿಕುರ್ಚಿ ಹತ್ತಿಸಲು ಇಬ್ಬರು ದೊಡ್ಡವರು ಬೇಕಾಗುತ್ತಿತ್ತು, ಇಳಿಸಲು ಮೂವರು.

ಇಷ್ಟೆಲ್ಲದಕ್ಕಿಂತ ನನ್ನನ್ನು ಕಾಡುವುದು ಬೇರೆ. ಐದನೇ ತರಗತಿಗೆ ಬರುವ ಹೊತ್ತಿಗೆ ಅವಳಿಗೆ ಪದೇ ಪದೇ ಉರಿಮೂತ್ರ, ಜ್ವರ. ಅದೇ ಕೊಬ್ಬರಿ ಸುಲಿಯುವಾಕೆ ಒಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಬಂದು ಕೂತಳು. ಮಗು ಅನ್ನ ತಿಂತು, ನೀರಿನ ಲೋಟವನ್ನು ಪಕ್ಕದವಳ ಕಡೆ ತಳ್ಳಿತು. ಯಾಕೆ ಎಂದು ಮೆಲ್ಲಗೆ ಕೇಳಿದ್ದಕ್ಕೆ ಹೇಳಿತಂತೆ: ಬೆಳಿಗ್ಗೆ ಮನೆಯಲ್ಲೂ ಕುಡಿಯುವುದಿಲ್ಲ, ಸಾಯಂಕಾಲ ಮನೆಗೆ ಹೋದ ಮೇಲೇ ಕುಡಿಯುವುದು. ಶೌಚಾಲಯದ ಬಾಗಿಲು ಎರಡು ಅಡಿ, ಮುಂದೆ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ, ಯಾರನ್ನಾದರೂ ಕರೆಯಲು ನಾಚಿಕೆ. ಎರಡು ವರ್ಷದಿಂದ ದಿನಾ ಅವಳ ಹಾಜರಿ ಕೂಗುತ್ತಿದ್ದ ನಮಗೆ ಇದು ತಿಳಿದಿರಲಿಲ್ಲ. ತರಬೇತಿ ನಮಗೆ ಆಗಿತ್ತು, ಆಕೆಗಲ್ಲ. ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು ಎಂದು ಕಾನೂನು ಯಾಕೆ ಹೇಳುತ್ತದೆ ಎಂಬುದಕ್ಕೆ ನನಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಹೆಸರಿಗೆ ಹೆಂಡತಿಯನ್ನು ನಿಲ್ಲಿಸಿ ತಾವು ಸಭೆಗೆ ಬರುವ ಯೋಚನೆಯಲ್ಲಿರುವ ಗಂಡಂದಿರು ಇದನ್ನು ಎರಡು ಸಲ ಓದಬೇಕು. ಈ ಊರಿನಲ್ಲಿ ಅಂಥವರು ಮೂವರಿದ್ದೀರಿ.

ಕಮೋಡಿನ ಕುರ್ಚಿ, ಗೋಡೆಗೆ ಕಬ್ಬಿಣದ ಹಿಡಿ, ಅಗಲದ ಬಾಗಿಲು. ಇಷ್ಟಕ್ಕೆ ದೊಡ್ಡ ದುಡ್ಡು ಬೇಕಾಗಲಿಲ್ಲ. ದುಡ್ಡಿಲ್ಲ ಎನ್ನುವ ಅಭ್ಯರ್ಥಿಗೆ ಇವತ್ತಿನ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಸಮಗ್ರ ಶಿಕ್ಷಣ ಯೋಜನೆಯ ಅನುದಾನದ ಲೆಕ್ಕ ಹೀಗಿದೆ: 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000, 100ರವರೆಗೆ 25,000, 250ರವರೆಗೆ 50,000 ರೂಪಾಯಿ. ಇದರಲ್ಲಿ ಸೀಮೆಸುಣ್ಣ, ಕರೆಂಟು, ರಿಪೇರಿ ಎಲ್ಲ ಆಗಬೇಕು, ಒಪ್ಪಿದೆ. ಆದರೆ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದೇ ಮೀಸಲಿಡಬೇಕಾದ ಶೇ 5ರ ಹಣ ಇದೆ. ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಮನೆ ಮನೆಯ ಪಟ್ಟಿ ಅವರ ಹತ್ತಿರ ಇರುತ್ತದೆ. ನಮ್ಮ ಎಷ್ಟು ಎಸ್‌ಡಿಎಂಸಿ ಅಧ್ಯಕ್ಷರು ಒಂದು ಸಲವಾದರೂ ಅವರನ್ನು ಸಭೆಗೆ ಕರೆದಿದ್ದಾರೆ? ತಾಲ್ಲೂಕಿನಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿದ್ದಾರೆ, ಬೆರಳೆಣಿಕೆಯವರು, ಊರೂರು ಅಲೆಯುವವರು. ಬಸ್ಸಿನಲ್ಲಿ ಬಂದು ಶಾಲೆ ಎಲ್ಲಿದೆ ಎಂದು ಕೇಳಿಕೊಂಡು ಬರುವ ಅವರಿಗೆ ಒಂದು ಲೋಟ ಟೀ ಕೊಟ್ಟು, "ನಮ್ಮೂರಲ್ಲಿ ಇಂಥಿಂಥ ಮನೆಗೆ ಹೋಗೋಣ ಬನ್ನಿ" ಎನ್ನುವ ಸದಸ್ಯ ಒಬ್ಬರಿದ್ದರೆ ಅವರ ಅರ್ಧ ಕೆಲಸ ಮುಗಿದಂತೆ.

"ಎಲ್ಲ ಸರಿ ಮೇಷ್ಟ್ರೇ, ಆದ್ರೆ ನಿಧಾನಕ್ಕೆ ಕಲಿಯೋ ಮಕ್ಕಳ ಜೊತೆ ನಮ್ಮ ಮಕ್ಕಳೂ ಹಿಂದೆ ಬೀಳ್ತವೆ." ಇದನ್ನು ನಿಮ್ಮಲ್ಲೇ ಒಬ್ಬರು ಮೊನ್ನೆ ಕಟಿಂಗ್ ಶಾಪಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಕೆಟ್ಟವರಲ್ಲ ಅವರು, ಮಗನ ಬಗ್ಗೆ ಕಾಳಜಿ ಇರುವ ತಂದೆ. ಅವರಿಗೆ ನನ್ನ ಉತ್ತರ ಇಷ್ಟೇ: ನಿಮ್ಮ ಮಗ ಹಿಂದೆ ಬೀಳುತ್ತಿರುವುದು ಪಕ್ಕದಲ್ಲಿ ಕೂತ ಮಗುವಿನಿಂದ ಅಲ್ಲ, ಇಬ್ಬರೇ ಶಿಕ್ಷಕರು ಏಳು ತರಗತಿ ನೋಡಿಕೊಳ್ಳುತ್ತಿರುವುದರಿಂದ. ಆ ಸಿಟ್ಟನ್ನು ಸರಿಯಾದ ಬಾಗಿಲಿಗೆ ಒಯ್ಯಿರಿ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಮತ್ತೆ ತಾಕೀತು ಮಾಡಿದೆ. ಒಂದು ಠರಾವು ಬರೆದು ಬಿಇಒಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುವ ಅಧ್ಯಕ್ಷ, ಗಣರಾಜ್ಯೋತ್ಸವದ ದಿನ ಮಾತ್ರ ಟೋಪಿ ಹಾಕಿಕೊಂಡು ಬರುವ ಅಧ್ಯಕ್ಷನಿಗಿಂತ ಮೇಲು.

ಇನ್ನೊಂದು ಮಾತು ಬರುತ್ತದೆ: ಕಣ್ಣು ಕಾಣದ ಮಗುವಾದರೆ ಗದುಗಿಗೆ ಕಳಿಸಿ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದ ಮೇಲೆ ನನಗಿರುವ ಗೌರವ ಯಾರಿಗಿಂತಲೂ ಕಡಿಮೆಯದಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಮಾಡಿದ್ದನ್ನು ಯಾವ ಇಲಾಖೆಯೂ ಮಾಡಲಿಲ್ಲ. ಆದರೆ ಕಣ್ಣು ಕಾಣದ ಮಗುವಿಗೆ ಸಂಗೀತವೇ ಒಲಿಯಬೇಕು, ಅದೂ ತಾಯಿಯನ್ನು ಬಿಟ್ಟು ಹೋಗಿ ಒಲಿಯಬೇಕು ಎಂದು ನಾವು ಯಾಕೆ ತೀರ್ಮಾನಿಸಬೇಕು? ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ ಬಂತು. ಹಿಂದಿನ ಕಾಯಿದೆ ಏಳು ಬಗೆಯ ವೈಕಲ್ಯ ಹೇಳಿದ್ದರೆ ಇದು 21 ಹೇಳಿತು. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆರಿಸಿಕೊಳ್ಳುವುದು ಮಗುವಿನ ಕಡೆಯವರು. 2010ರಲ್ಲಿ ಬಾಗಿಲಲ್ಲಿ ನಿಂತ ತಾಯಿಯ ಪರವಾಗಿ ನಾನು ಆರಿಸಿದ್ದೆನಲ್ಲ, ಆ ಕೆಲಸ ನನ್ನದಾಗಿರಲಿಲ್ಲ.

ಅಂಗವಿಕಲ ಮಕ್ಕಳ ಮಾತು ಬಂದರೆ ಎಲ್ಲರೂ "ಅಯ್ಯೋ ಪಾಪ" ಎಂದಾದರೂ ಅನ್ನುತ್ತಾರೆ. ಅಷ್ಟನ್ನೂ ಅನ್ನಿಸಿಕೊಳ್ಳದ ಮಕ್ಕಳು ಇದ್ದಾರೆ. ಇಟ್ಟಿಗೆ ಗೂಡಿನ ಹತ್ತಿರ ನವೆಂಬರಿನಿಂದ ಮೇ ತನಕ ಟಾರ್ಪಾಲಿನ ಕೆಳಗೆ ಇರುವವರ ಮಕ್ಕಳು. ಟಿ.ಸಿ. ಇಲ್ಲ, ಜನನ ಪತ್ರ ಇಲ್ಲ, ಕನ್ನಡ ಅಷ್ಟಾಗಿ ಬರುವುದಿಲ್ಲ. ಟಿ.ಸಿ. ಇಲ್ಲ ಎಂದಾಗಲೀ ವಯಸ್ಸಿನ ದಾಖಲೆ ಇಲ್ಲ ಎಂದಾಗಲೀ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ, ದಾಖಲಾತಿಯ ದಿನಾಂಕ ಮುಗಿದಿದ್ದರೂ ಸೇರಿಸಿಕೊಳ್ಳಬೇಕು. ಇದೂ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇದೆ. ನವೆಂಬರಿನಲ್ಲಿ ಲಾರಿಯಿಂದ ಸಾಮಾನು ಇಳಿಸುವ ದಿನವೇ ಗೂಡಿಗೆ ಹೋಗಿ ಮಕ್ಕಳ ತಲೆ ಎಣಿಸುವ ಸದಸ್ಯರು ನಿಮ್ಮಲ್ಲಿ ಯಾರು?

ಮತ್ತೆ ಅಡುಗೆಮನೆ. 2025ರಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿಯ ಶಾಲೆ ಸುದ್ದಿಯಾಯಿತು. ಅಡುಗೆಗೆ ದಲಿತ ಹೆಣ್ಣುಮಗಳು ಬಂದ ಮೇಲೆ ಪೋಷಕರು ಒಬ್ಬೊಬ್ಬರಾಗಿ ಟಿ.ಸಿ. ಒಯ್ದು ಮಕ್ಕಳ ಸಂಖ್ಯೆ ಒಂದಕ್ಕೆ ಇಳಿದಿದೆ ಎಂದು ಪತ್ರಿಕೆಗಳು ಬರೆದವು. ಕಾರಣ ಅದಲ್ಲ, ಪಾಠ ಸರಿಯಿಲ್ಲ ಎಂದು ಅಲ್ಲಿನ ಕೆಲವರು ವಾದಿಸಿದರು. ನಾನು ಅಲ್ಲಿಗೆ ಹೋಗಿಲ್ಲ, ತೀರ್ಪು ಕೊಡುವುದಿಲ್ಲ. ನಮ್ಮೂರಿನದು ಗೊತ್ತು. ನಮ್ಮಲ್ಲಿ ಯಾರೂ ಟಿ.ಸಿ. ತೆಗೆಸಿಲ್ಲ, ಎಲ್ಲ ಬಹಳ ನಾಜೂಕು. ನಾಲ್ಕು ಮನೆಯ ಮಕ್ಕಳು ಡಬ್ಬಿ ತರುತ್ತಾರೆ, "ಮೊಟ್ಟೆ ವಾಸನೆ ಆಗಲ್ಲ" ಎಂಬ ನೆಪ ಹೇಳುತ್ತಾರೆ, ಮೊಟ್ಟೆ ಇಲ್ಲದ ದಿನವೂ ಡಬ್ಬಿಯೇ ತರುತ್ತಾರೆ. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಇದೆ, ತಿನ್ನುವುದು ಬಿಡುವುದು ಅವರವರ ಇಷ್ಟ. ಅನ್ನ ಸಾರಿನಿಂದಲೇ ದೂರ ಕೂರುವ ಮಗುವಿಗೆ ಅದನ್ನು ಕಲಿಸಿದವರು ಯಾರು ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಆ ನಾಲ್ಕು ಮನೆಗಳಲ್ಲಿ ಒಂದರಿಂದ ಒಬ್ಬರು ಈ ಸಲ ನಿಂತಿದ್ದಾರೆ. ಅವರು ಗೆದ್ದರೆ ಅವರ ಮೊದಲ ಕೆಲಸ ಬಿಸಿಯೂಟದ ರುಚಿ ನೋಡುವುದಾಗಿರಲಿ, ಮಕ್ಕಳ ಸಾಲಿನಲ್ಲೇ ಕೂತು.

ಆದ್ದರಿಂದ ನನ್ನ ಕೋರಿಕೆ ಏನೆಂದರೆ, ಈ ಸಲ ಹೆಸರು ಕೂಗುವ ಮುಂಚೆ ನಿಂತವರೆಲ್ಲ ಪೋಷಕರ ಎದುರು ಎರಡೆರಡು ನಿಮಿಷ ಮಾತಾಡಿ. ಭಾಷಣ ಬೇಡ. ನಮ್ಮ ಊರಿನ, ತೋಟದ ಸಾಲಿನ, ಗೂಡಿನ ಯಾವ ಮಗುವಿನ ಹೆಸರು ಇವತ್ತು ಹಾಜರಿ ಪುಸ್ತಕದಲ್ಲಿ ಇಲ್ಲ, ಅದನ್ನು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಇನ್ನೂ ನಾಲ್ಕು ದಿನ ಇದೆ, ಸುತ್ತಿ ಬನ್ನಿ. ಮಗು ಬಂದ ಮೇಲೆ ಬೇರೆ ಪೋಷಕರು ತಕರಾರು ತೆಗೆದರೆ ಯಾರ ಪಕ್ಕ ನಿಲ್ಲುತ್ತೀರಿ, ಅದನ್ನೂ ಹೇಳಿ. ಮುಖ್ಯ ಶಿಕ್ಷಕರು ಎದುರಿಗೆ ಇಟ್ಟ ಪುಸ್ತಕಕ್ಕೆ ಓದದೆ ಸಹಿ ಹಾಕುವುದಿಲ್ಲ ಎಂದು ಮಾತು ಕೊಡಿ. ಓದದೆ ಹಾಕಿಸಿಕೊಂಡ ಸಹಿಗಳು ನನ್ನ ಕಾಲದ ಪುಸ್ತಕಗಳಲ್ಲಿ ಬೇಕಾದಷ್ಟಿವೆ.

ಆ ಹುಡುಗಿ ಏನಾದಳು ಎಂದು ಕೇಳುವಿರಿ. ಏಳನೇ ತರಗತಿ ಮುಗಿಸಿದಳು. ಹೈಸ್ಕೂಲು ನಾಲ್ಕು ಕಿಲೋಮೀಟರ್. ಎಂಟನೇ ತರಗತಿ ಅಲ್ಲಿ ಕೆಳಗೆ ನಡೆಯುತ್ತಿತ್ತು, ತಾಯಿ ಹೇಗೋ ಒಂದು ವರ್ಷ ಕರೆದೊಯ್ದಳು. ಒಂಬತ್ತನೆಯದು ಮಹಡಿಯ ಮೇಲೆ. ತರಗತಿಯನ್ನು ಕೆಳಗೆ ತಂದರೆ ಆಗುತ್ತಿತ್ತು. ಕೇಳುವವರು ಆ ಹೈಸ್ಕೂಲಿನ ಸಮಿತಿಯಲ್ಲಿ ಇರಲಿಲ್ಲ, ನಾನು ವರ್ಗವಾಗಿದ್ದೆ. ಅವಳು ಅಲ್ಲಿಗೆ ಬಿಟ್ಟಳು. ಆಗ ಅವಳಿಗೆ ಹದಿನೈದು, ಕಾನೂನಿನ ಪ್ರಕಾರ ಇನ್ನೂ ಮೂರು ವರ್ಷದ ಹಕ್ಕು ಬಾಕಿ ಇತ್ತು.

ಪೋಷಕರ ಸಭೆ ಶನಿವಾರ ಎಂದು ನೋಟಿಸು ಅಂಟಿಸಿದ್ದಾರೆ, ಎರಡನೇ ಕೊಠಡಿಯಲ್ಲಿ, ಹತ್ತೂವರೆಗೆ. ಹತ್ತೂವರೆಗೆ ಕೂಲಿಯವರು ಬರಲಾರರು, ಎಂಟಕ್ಕೆ ಇಡಿಸಿ. ಕೊಠಡಿಯೂ ಬೇಡ. ನಿಂತವರಲ್ಲಿ ಒಬ್ಬರು ಮೂರು ಗಾಲಿಯ ಸ್ಕೂಟರಿನಲ್ಲಿ ಬರುತ್ತಾರೆ, ಆ ಕೊಠಡಿಗೆ ಮೂರು ಮೆಟ್ಟಿಲಿವೆ. ಹೊಂಗೆ ಮರದ ಕೆಳಗೇ ಜಮಖಾನ ಹಾಸಿ.

ಇಂತಿ ನಿಮ್ಮ,
ಹಳೆಯ ಮೇಷ್ಟ್ರು